ಮಿಕ್ಕ 364 ದಿನ

ಶನಿವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಗಿರಕಿ ಹೊಡೆಯುತ್ತಿದೆ. "ಮಿಕ್ಕ 364 ದಿನ ಏನು ಮಾಡ್ತೀಯ?" ಕೇಳಿದವರು ಎಪ್ಪತ್ತು ದಾಟಿದ ಅಜ್ಜ, ಎಂಜಿನ್ ಬೋರ್ ಮಾಡುವ ಅಂಗಡಿಯವರು. ಉತ್ತರಕ್ಕೂ ಕಾಯಲಿಲ್ಲ. ಕೈ ಒರೆಸುವ ಬಟ್ಟೆ ಹುಡುಕಿಕೊಂಡು ಒಳಗೆ ಹೋದರು.

ನಾವಿರುವ ಊರು ಮಿಶಿಗನ್ನಿನ ನೋವಿ. ನನ್ನ ಕಾರು 1972ರ ಶೆವರ್ಲೆ ನೋವಾ. "ಊರಲ್ಲೂ ನೋವು, ಗ್ಯಾರೇಜಲ್ಲೂ ನೋವು" ಅಂತ ಹೆಂಡತಿ ಸಿಕ್ಕವರ ಮುಂದೆಲ್ಲ ಹೇಳಿ ನಗುತ್ತಾಳೆ. ಮೊದಮೊದಲು ನಾನೂ ನಗುತ್ತಿದ್ದೆ.

ಎಂಜಿನ್ ಹೊಗೆ ಉಗುಳೋಕೆ ಶುರು ಮಾಡಿತ್ತು. ಚಳಿಗಾಲದಲ್ಲಿ ಇಳಿಸಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. 350 ಕ್ಯೂಬಿಕ್ ಇಂಚಿನ ವಿ8, ನಮ್ಮ ಲೆಕ್ಕದಲ್ಲಿ 5.7 ಲೀಟರ್. ಹೇಗೂ ಬಿಚ್ಚಿದ್ದಾಯಿತು, ಜೋಡಿಸುವಾಗ ಒಂದಿಷ್ಟು ಜೋರಾಗಿಯೇ ಜೋಡಿಸೋಣ ಅಂದುಕೊಂಡೆ. ಅಲ್ಲೇ ಎಡವಿದ್ದು.

ನನ್ನ ಎಂಜಿನ್ನಿನ ಮನೆತನ, ಶೆವರ್ಲೆಯ ಸ್ಮಾಲ್ ಬ್ಲಾಕ್ ವಿ8, ಬಂದದ್ದು 1955ರಲ್ಲಿ. ಆಮೇಲೆ ದಶಕಗಟ್ಟಲೆ ಅದೇ ಅಳತೆ, ಅದೇ ಅಸ್ಥಿಪಂಜರ. ಇಪ್ಪತ್ತು ವರ್ಷ ಆಚೀಚಿನ ಸಾಮಾನೂ ಎಷ್ಟೋ ಸಲ ಕೂತುಬಿಡುತ್ತದೆ. "ಯಾವುದು ಬೇಕಾದ್ರೂ ಯಾವುದಕ್ಕೂ ಕೂರುತ್ತೆ ಮಾರಾಯ" ಅಂದ ನನ್ನ ಗೆಳೆಯ. ಒಳ್ಳೆಯ ಮನುಷ್ಯ. ಆದರೆ ಪಲ್ಯಕ್ಕೆ ಖಾರ ಹಾಕುವುದರಿಂದ ಹಿಡಿದು ಎಲ್ಲದರಲ್ಲೂ ಅವನದು ಒಂದೇ ಸಿದ್ಧಾಂತ: ಜಾಸ್ತಿ ಇದ್ದರೆ ಒಳ್ಳೆಯದು. ಅವನ ಮಾತು ಕೇಳಿದೆ ಅನ್ನುವುದು ನೆಪ. ನನಗೆ ಬೇಕಾಗಿದ್ದ ಮಾತನ್ನೇ ಅವನು ಹೇಳಿದ.

ಹಾಗಾಗಿ ಶನಿವಾರ ಅಜ್ಜನ ಬೆಂಚಿನ ಮೇಲೆ ಮೂರು ಸಾಮಾನು ಇಟ್ಟೆ. ಗುಜರಿಯಲ್ಲಿ 1999ರ ಪಿಕಪ್ ಟ್ರಕ್ಕಿನಿಂದ ಬಿಚ್ಚಿ ತಂದ, ಸಿಲಿಂಡರ್ ಮೇಲೆ ಕೂತು ವಾಲ್ವ್ ಹೊತ್ತಿರುವ ವೋರ್ಟೆಕ್ ಮಾದರಿಯ ಹೆಡ್‌ಗಳು. ಹೆಡ್ಡಿಗೆ ಗಾಳಿ, ಪೆಟ್ರೋಲು ಸಾಗಿಸುವ ಸೆಕೆಂಡ್ ಹ್ಯಾಂಡ್ ಇನ್‌ಟೇಕ್ ಮ್ಯಾನಿಫೋಲ್ಡ್. ವಾಲ್ವನ್ನು ತೆರೆದು ಮುಚ್ಚಿಸುವ, ಡಬ್ಬಿ ಕೂಡ ಒಡೆಯದ ಹೊಸ ಕ್ಯಾಮ್‌ಶಾಫ್ಟ್.

ಹೆಡ್ ನೋಡಿ ಅಜ್ಜ ತಲೆಯಾಡಿಸಿದರು. ಅದೊಂದು ಸರಿ ಮಾಡಿದ್ದೆ. ನನ್ನ ಹಳೇ ಹೆಡ್‌ನ ಪೆಟ್ರೋಲು ಉರಿಯುವ ಚೇಂಬರ್ 76 ಸಿಸಿ, ಇದರದ್ದು 64. ಅದೇ ಪಿಸ್ಟನ್ ಇಟ್ಟುಕೊಂಡು ಹೆಡ್ ಬದಲಾಯಿಸಿದರೆ ಸಾಕು, ಕಂಪ್ರೆಶನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, ಸುಮಾರು ಎಂಟೂವರೆಯಿಂದ ಒಂಬತ್ತೂವರೆಗೆ ಏರುತ್ತದೆ. ಬಂಕಿನ ಪೆಟ್ರೋಲು ಅದನ್ನು ತಡೆದುಕೊಳ್ಳುತ್ತದೆ. 1971ರಲ್ಲಿ ಸೀಸ ಕಮ್ಮಿ ಇರುವ ಪೆಟ್ರೋಲಿಗಾಗಿ ಕಂಪನಿಯವರೇ ಇಳಿಸಿದ ಕಂಪ್ರೆಶನ್ ಅದು. ನಾನು ವಾಪಸ್ ಏರಿಸುತ್ತಿದ್ದೇನೆ ಅಷ್ಟೆ ಅಂತ ಜಂಬ ಕೊಚ್ಚಿದೆ. ಅಜ್ಜ ಏನೂ ಅನ್ನಲಿಲ್ಲ. ಇನ್‌ಟೇಕ್ ಎತ್ತಿ ಹೆಡ್ ಪಕ್ಕಕ್ಕೆ ಹಿಡಿದರು.

ಹೆಡ್‌ನಲ್ಲಿ ನಾಲ್ಕು ಬೋಲ್ಟ್ ತೂತು. ಇನ್‌ಟೇಕ್‌ನಲ್ಲಿ ಆರು.

ಎಣಿಸಿದ್ದರೆ ಸಾಕಿತ್ತು. ಒಂದನೇ ಕ್ಲಾಸಿನ ಲೆಕ್ಕ. ವೋರ್ಟೆಕ್ ಹೆಡ್‌ಗೆ ಅದರದ್ದೇ ಇನ್‌ಟೇಕ್ ಬೇಕು, ಹಳೆಯದು ಕೂರುವುದಿಲ್ಲ. ವಾಲ್ವನ್ನು ಒತ್ತುವ ರಾಕರ್ ಆರ್ಮ್ ಕೂಡ ಬೇರೆ ಜಾತಿ, ವಾಲ್ವ್ ತುದಿಯನ್ನು ತಾನೇ ಹಿಡಿದು ನಿಲ್ಲುವಂಥದ್ದು. ಅದನ್ನೂ ನಾನು ತಂದಿರಲಿಲ್ಲ.

ಮಾವ ನೆನಪಾದರು. ಹಾಸನದಲ್ಲಿ ಮಾವನ ಹತ್ತಿರ ಒಂದು ಫಿಯಟ್ ಇತ್ತು. ಅದರ ಬೋರ್ ಕೆಲಸಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೇ ಪಿಸ್ಟನ್ನನ್ನು ಪೇಪರಿನಲ್ಲಿ ಸುತ್ತಿಕೊಂಡೇ ಹೊರಟರು. ಅಂಗಡಿಯವನು ಎಷ್ಟು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಅಂತ ಕೇಳಿದರೆ ಇವರು ಬಾಯಲ್ಲಿ ಹೇಳುತ್ತಿರಲಿಲ್ಲ, ಪೊಟ್ಟಣ ಬಿಚ್ಚಿ ಕೌಂಟರ್ ಮೇಲೆ ಇಡುತ್ತಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಹೊಸ ಪಿಸ್ಟನ್ನು ನನ್ನ ತೊಡೆ ಮೇಲೆ. ಕುಣಿಗಲ್ ದಾಟುವ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು. ನಾನೋ ರಾತ್ರಿ ಹನ್ನೊಂದು ಗಂಟೆಗೆ ಹಾಸಿಗೆಯಲ್ಲಿ ಮಲಗಿ ಬೆರಳಲ್ಲಿ ಒತ್ತಿ ತರಿಸಿದವನು.

ಆಮೇಲೆ ಕ್ಯಾಮ್ ಸರದಿ. ಅಜ್ಜ ಹಣೆ ಮೇಲಿದ್ದ ಕನ್ನಡಕ ಇಳಿಸಿ ಚೀಟಿ ಓದಿದರು. 50 ಥೌ ಎತ್ತರದಲ್ಲಿ 244 ಡಿಗ್ರಿ, ಅಂದರೆ ವಾಲ್ವ್ ತೆರೆದಿರುವ ಅವಧಿ; ಲಿಫ್ಟ್, ಅಂದರೆ ಅದು ತೆರೆಯುವ ದೂರ, ಅರ್ಧ ಇಂಚು. ಹೆಡ್‌ನ ಸ್ಪ್ರಿಂಗ್ ಕೆಳಗೆ ಬೆರಳಿಟ್ಟು ತೋರಿಸಿದರು. ಅಲ್ಲಿರುವ ಜಾಗ ಅರ್ಧ ಇಂಚಿಗಿಂತ ಕಮ್ಮಿ. ವಾಲ್ವ್ ಪೂರ್ತಿ ಇಳಿದರೆ ಸ್ಪ್ರಿಂಗನ್ನು ಮೇಲಿಂದ ಹಿಡಿದಿರುವ ರಿಟೇನರ್ ಹೋಗಿ ಕೆಳಗಿನ ಸೀಲಿಗೆ ಕುಟ್ಟುತ್ತದೆ.

"ಕೆತ್ತಿಸಿದರೆ ಆಗುತ್ತಲ್ಲ? ಆಮೇಲೆ ಎಷ್ಟು ಹಾರ್ಸ್‌ಪವರ್ ಬರಬಹುದು?" ಅಂತ ಕೇಳಿದೆ.

"ಈ ಕಾರು ತಗೊಂಡು ಎಲ್ಲಿಗೆ ಹೋಗ್ತೀಯ?"

"ವುಡ್‌ವರ್ಡ್‌ಗೆ," ಅಂದೆ. ಹೆಮ್ಮೆಯಿಂದಲೇ ಅಂದೆ. ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯ್ಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಜಾತ್ರೆ, 1995ರಿಂದ ನಡೆದು ಬಂದದ್ದು. ದೊಡ್ಡ ಕ್ಯಾಮ್ ಹಾಕಿದ ವಿ8 ನಿಂತಲ್ಲೇ ದಡಕ್ ಬಡಕ್ ಅಂತ ಕುಂಟುತ್ತಾ ಉಸಿರಾಡುವ ಸದ್ದು ಕೇಳಿದ್ದೀರಾ? ನನಗೆ ಬೇಕಾಗಿದ್ದದ್ದು ಆ ಸದ್ದು. ಹಾರ್ಸ್‌ಪವರ್ ಎಲ್ಲ ಸುಮ್ನೆ.

"ಮಿಕ್ಕ 364 ದಿನ?"

ಲೆಕ್ಕ ಹಾಕಿದರೆ ಅವರದ್ದೂ ತಪ್ಪು. ನಮ್ಮಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಳೇ ಕಾರನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಈ ಉತ್ತರ ಹೊಳೆದದ್ದು ಮನೆಗೆ ಬರುವ ದಾರಿಯಲ್ಲಿ. ಹೊಳೆದಿದ್ದರೂ ಏನು ಸುಖ? ಉಳಿದ ದಿನ ನೋವಾ ಹೋಗುವುದು ಭಾನುವಾರ ಮಗಳ ಕನ್ನಡ ಕ್ಲಾಸಿಗೆ. ಬರುವಾಗ ಕರಿಬೇವು, ತೆಂಗಿನಕಾಯಿ. ದಾರಿಯುದ್ದಕ್ಕೂ ಸಿಗ್ನಲ್.

ದೊಡ್ಡ ಕ್ಯಾಮ್ ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಅದು ಲಾಭ, ಗಾಳಿ ತನ್ನ ವೇಗಕ್ಕೇ ಒಳಗೆ ನುಗ್ಗುತ್ತಿರುತ್ತದೆ. ಮೆಲ್ಲಗೆ ತಿರುಗುವಾಗ ಒಳಗೆ ಎಳೆದದ್ದನ್ನೇ ಪಿಸ್ಟನ್ ವಾಪಸ್ ತಳ್ಳುತ್ತದೆ. ಅಂಥ ಕ್ಯಾಮ್‌ಗೆ ಎಂಜಿನ್ ಜೋರಾಗಿ ತಿರುಗಿದ ಮೇಲೆಯೇ ಸರಿಯಾಗಿ ಹಿಡಿಯುವ ಕನ್ವರ್ಟರ್ (ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಕೊಂಡಿ) ಬೇಕು, ಹಿಂದಿನ ಆಕ್ಸಲಿಗೆ ಎಂಜಿನ್ನನ್ನು ಜಾಸ್ತಿ ತಿರುಗಿಸುವ 4.10 ಥರದ ಗೇರು ಬೇಕು. ನನ್ನದು 3.08. ಕನ್ವರ್ಟರ್ ಕಾರಿನ ಜೊತೆ ಬಂದದ್ದೇ. ಐಡಲ್‌ನಲ್ಲಿ ಎಂಜಿನ್ ಹೀರುವ ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಪವರ್ ಬ್ರೇಕ್ ನಡೆಯುವುದೇ ಅದರ ಮೇಲೆ. ಹಿಂದಿನ ಸೀಟಿನಲ್ಲಿ ಮಗಳು, ಡಿಕ್ಕಿಯಲ್ಲಿ ತೆಂಗಿನಕಾಯಿ, ಕಾಲ ಕೆಳಗೆ ಕಲ್ಲಿನಂಥ ಬ್ರೇಕು. ಎಲ್ಲಾ ಆ ಒಂದು ಶನಿವಾರದ ಸದ್ದಿಗೆ.

ಅಜ್ಜ ಕೊನೆಗೆ ಒಂದು ಹಳೇ ಬಿಲ್ಲಿನ ಹಿಂದೆ ಬರೆದು ಕೊಟ್ಟರು: 218 ಡಿಗ್ರಿ, ಲಿಫ್ಟ್ 0.450ರ ಆಸುಪಾಸು, ಹೊಸ ಕ್ಯಾಮ್‌ಗೆ ಅದರ ಮೇಲೆ ಕೂರುವ ಹೊಸ ಲಿಫ್ಟರ್, ಸತು ಇರುವ ಆಯಿಲ್, ಸ್ಟಾರ್ಟ್ ಆದ ಕೂಡಲೇ 20 ನಿಮಿಷ ನಿಮಿಷಕ್ಕೆ 2000 ಸುತ್ತಿಗಿಂತ ಮೇಲೆ ಓಡಿಸು. ಬೇರೆ ಮಾತಿಲ್ಲ. ಮನುಷ್ಯ ಒರಟು ಅಂತ ಅವತ್ತು ಅನಿಸಿತ್ತು. ಈಗಲೂ ಒರಟು ಅಂತಲೇ ಅನಿಸುತ್ತದೆ. ಬ್ಲಾಕಿನ ಮುಂದೆ ಒತ್ತಿದ್ದ ನಂಬರನ್ನು ಮಾತ್ರ ಮಗುವಿನ ಕೆನ್ನೆ ಒರೆಸುವ ಹಾಗೆ ಒರೆಸಿ ತೋರಿಸಿದರು. ಶುರುವಿನ ಅಕ್ಷರ ವಿ, ಅಂದರೆ ಫ್ಲಿಂಟ್ ಕಾರ್ಖಾನೆ. ನಮ್ಮ ಮನೆಯಿಂದ ಒಂದು ಗಂಟೆ ದಾರಿ.

ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಅವಳು ಮಹಡಿಯಲ್ಲಿದ್ದಳು. ನಾವು ಬಂದಾಗ ಇರಲಿ ಅಂತ ಅಪ್ಪ ಅಲ್ಲಿ ಎರಡು ರೂಮು ಕಟ್ಟಿಸಿದ್ದಾರೆ. ಎಸಿ, ಗೀಸರ್, ಮಗಳಿಗೆ ಪುಟ್ಟ ಮಂಚ. ನಾವು ಹೋಗುವುದು ವರ್ಷಕ್ಕೆ ಹದಿನೈದು ದಿನ. ಮಿಕ್ಕ 350 ದಿನ ಅಮ್ಮ ಮಂಡಿ ನೋವಿನಲ್ಲಿ ಮೆಟ್ಟಿಲು ಹತ್ತಿ ಕಸ ಹೊಡೆಯುತ್ತಾಳೆ. ಇಷ್ಟು ವರ್ಷ ಈ ಲೆಕ್ಕ ನಾನು ಹಾಕಿರಲಿಲ್ಲ. "ಯಾಕೋ ಸುಮ್ಮನಾದೆ?" ಅಂದಳು. ಕಾರಿನ ವಿಷಯ ಅಂದೆ.

ಇನ್‌ಟೇಕ್ ಮಾರಾಟಕ್ಕೆ ಹಾಕಿದ್ದೆ. ನಿನ್ನೆ ಸಂಜೆ ಇಪ್ಪತ್ತರ ಒಬ್ಬ ಹುಡುಗ ಬಂದ. ಕಾರಿನ ಡಿಕ್ಕಿ ತೆಗೆದು ಹಳೇ ಟೀ ಶರ್ಟಿನಲ್ಲಿ ಸುತ್ತಿದ್ದ ಹೆಡ್ಡೊಂದನ್ನು ಎತ್ತಿಕೊಂಡು ಬಂದು ನನ್ನ ಗ್ಯಾರೇಜಿನ ನೆಲದ ಮೇಲಿಟ್ಟ. ಇನ್‌ಟೇಕ್ ಅದಕ್ಕೆ ತಾಗಿಸಿ, ಆರೂ ಬೋಲ್ಟನ್ನು ಕೈಯಲ್ಲೇ ತಿರುಗಿಸಿ ನೋಡಿದ. ಕೂತಿತು. ಹತ್ತು ಡಾಲರ್ ಕಮ್ಮಿ ಕೊಟ್ಟ, ನಾನೂ ಸುಮ್ಮನೆ ತಗೊಂಡೆ.

"ಕ್ಯಾಮ್ ಒಂದಿದೆ, ಹೊಸದು, ಬೇಕಾ?" ಅಂತ ಕೇಳಿದೆ.

ಡಬ್ಬಿಯ ಮೇಲಿನ ಚೀಟಿ ಓದಿದ. "ಇದು ನನಗೆ ದೊಡ್ಡದಾಯ್ತು ಸರ್," ಅಂದ.