ಭಕ್ತಪುರದಿಂದ ಪನೌತಿಗೆ: ಗೈಡ್ ಇಲ್ಲದೆ ನಡೆಯಬಹುದಾದ ಒಂದು ದಾರಿ

ನೇಪಾಳ ಅಂದ ತಕ್ಷಣ ನಮ್ಮವರಿಗೆ ನೆನಪಾಗೋದು ಎರಡೇ. ಒಂದು, ಪಶುಪತಿನಾಥ–ಮುಕ್ತಿನಾಥದ ಪ್ಯಾಕೇಜ್ ಟೂರ್. ಇನ್ನೊಂದು, ಎವರೆಸ್ಟ್ ಬೇಸ್ ಕ್ಯಾಂಪ್. ಬಸ್ಸಿನಲ್ಲಿ ಕೂತು ಕೂತು ಬೇಜಾರಾದವರಿಗೆ, ಆದರೆ ಹಿಮದಲ್ಲಿ ಏದುಸಿರು ಬಿಡುವ ಆಸೆ ಇಲ್ಲದವರಿಗೆ, ಕಠ್ಮಂಡು ಕಣಿವೆಯ ಪೂರ್ವದ ಅಂಚಿನಲ್ಲಿ ಒಂದು ಒಳ್ಳೆಯ ದಾರಿ ಇದೆ. ಭಕ್ತಪುರದಲ್ಲಿ ಶುರು. ಚಾಂಗು ನಾರಾಯಣ, ನಗರಕೋಟ್, ಧುಲಿಖೇಲ್, ನಮೋಬುದ್ಧ ದಾಟಿ ಪನೌತಿಯಲ್ಲಿ ಮುಗಿಯುತ್ತದೆ. ಎರಡು ತುದಿಗೂ ಈ ಕಣಿವೆಯ ಮೂಲ ಜನರಾದ ನೇವಾರರ ಹಳೆಯ ಪಟ್ಟಣ, ನಡುವೆ ಬೆಟ್ಟದ ಹಳ್ಳಿಗಳು. ನಾನೂ ನನ್ನ ಹೆಂಡತಿಯೂ ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ನಡೆದೆವು. ಇಬ್ಬರಿಗೂ ಐವತ್ತು ದಾಟಿದೆ. ಅವಳಿಗೆ ಮಂಡಿ ನೋವು ಬೇರೆ. ಹಾಗಾಗಿ ಇದು ಸಾಹಸಿಗಳಿಗೆ ಬರೆದದ್ದಲ್ಲ.

ಗೈಡ್ ವಿಷಯ ಮೊದಲು ಹೇಳಿಬಿಡುತ್ತೇನೆ. 2023ರ ಏಪ್ರಿಲ್‌ನಿಂದ ನೇಪಾಳದ ದೊಡ್ಡ ಚಾರಣ ಪ್ರದೇಶಗಳಲ್ಲಿ ವಿದೇಶಿಯರು ಗೈಡ್ ಜೊತೆಗೇ ಹೋಗಬೇಕು ಎಂಬ ನಿಯಮ ಬಂದಿದೆ. ಭಕ್ತಪುರದಿಂದ ಹೊರಡುವ ಈ ದಾರಿ ಹಳ್ಳಿ, ಹೊಲ, ರಸ್ತೆಗಳ ನಡುವೆಯೇ ಸಾಗುತ್ತದೆ. ಹಾಗಾಗಿ ಇಲ್ಲಿ ಗೈಡೂ ಬೇಡ, ಪರ್ಮಿಟ್ಟೂ ಬೇಡ. ಕೆಲವರು ಸುಂದರಿಜಲದಿಂದ ಹೊರಟು ಚಿಸಾಪಾನಿ ಮೂಲಕ ನಗರಕೋಟ್‌ಗೆ ಬರುತ್ತಾರೆ. ಆದರೆ ಅದು ಶಿವಪುರಿ ರಾಷ್ಟ್ರೀಯ ಉದ್ಯಾನದೊಳಗೆ ಹೋಗುತ್ತದೆ, ಟಿಕೆಟ್ ಬೇಕು, ಕಾಡಲ್ಲಿ ಜನ ಕಡಿಮೆ. ನೀವು ಇಬ್ಬರೇ ಇದ್ದರೆ ಭಕ್ತಪುರದಿಂದಲೇ ಹೊರಡಿ.

ನಮಗೆ ವೀಸಾ ಬೇಡ ಅಂತ ಎಲ್ಲರಿಗೂ ಗೊತ್ತು. ಆದರೆ ವಿಮಾನದಲ್ಲಿ ಹೋಗೋದಾದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಇರಲೇಬೇಕು. ಆಧಾರ್ ನಡೆಯುವುದಿಲ್ಲ. ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲಿ ನಮ್ಮ ಮುಂದೆಯೇ ಒಂದು ಕುಟುಂಬ ಆಧಾರ್ ಹಿಡಿದುಕೊಂಡು ಗೋಗರೆಯುತ್ತಿತ್ತು, ನೋಡೋಕೆ ಆಗಲಿಲ್ಲ. ದುಡ್ಡಿನ ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಅವರ 160. ನಮ್ಮ ನೂರರ ನೋಟನ್ನು ಬಹುತೇಕ ಎಲ್ಲರೂ ತಗೊಳ್ಳುತ್ತಾರೆ. ಇನ್ನೂರು, ಐನೂರರ ನೋಟಿನ ನಿಯಮ ಬದಲಾಗುತ್ತಾ ಇರುತ್ತದೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. 2024ರಿಂದ ನಮ್ಮ ಯುಪಿಐ ಅಲ್ಲಿನ ಕ್ಯೂಆರ್ ಕೋಡ್‌ಗಳಲ್ಲಿ ನಡೆಯುತ್ತದೆ, ಆದರೆ ಅದನ್ನು ನಂಬಿಕೊಂಡು ಬೆಟ್ಟ ಹತ್ತಬೇಡಿ. ಹಳ್ಳಿಯ ಚಹಾ ಅಂಗಡಿಗೆ ಚಿಲ್ಲರೆಯೇ ಬೇಕು.

ಕಾಲ ಯಾವುದು? ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ. ಮಾರ್ಚ್, ಏಪ್ರಿಲ್‌ನಲ್ಲೂ ನಡೆಯಬಹುದು, ಆದರೆ ಮಬ್ಬು ಜಾಸ್ತಿ, ಹಿಮಾಲಯ ಕಾಣದೇ ಹೋಗಬಹುದು. ಮಳೆಗಾಲ ಬೇಡವೇ ಬೇಡ. ಜಿಗಣೆ ಒಂದು ಕಡೆ, ಭೂಕುಸಿತ ಇನ್ನೊಂದು ಕಡೆ. 2024ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ ಪನೌತಿಯ ರೋಶಿ ಹೊಳೆ ಉಕ್ಕಿ ಆ ಜಿಲ್ಲೆಯಲ್ಲಿ ಬಹಳ ಹಾನಿಯಾಯಿತು. ದಸೈಂ ಅಂದರೆ ಅವರ ದಸರಾದ ಮುಖ್ಯ ದಿನಗಳನ್ನೂ ತಪ್ಪಿಸಿ. ಊರೆಲ್ಲ ಮನೆಗೆ ಹೋಗಿರುತ್ತದೆ, ಬಸ್ಸು ಸಿಗಲ್ಲ, ಹೋಟೆಲ್ಲಿನ ಅಡುಗೆಯವರೂ ಇರಲ್ಲ.

ಇನ್ನು ಭಕ್ತಪುರ. ಬಹಳ ಜನ ಕಠ್ಮಂಡುವಿನಲ್ಲಿ ಉಳಿದುಕೊಂಡು ಭಕ್ತಪುರವನ್ನು ಅರ್ಧ ದಿನದಲ್ಲಿ ನೋಡಿ ಹೋಗುತ್ತಾರೆ. ಹಾಗೆ ಮಾಡಬೇಡಿ. ವಿಮಾನ ನಿಲ್ದಾಣದಿಂದ ನೇರ ಭಕ್ತಪುರಕ್ಕೇ ಟ್ಯಾಕ್ಸಿ ಮಾಡಿ, ಎರಡು ರಾತ್ರಿ ಅಲ್ಲೇ ಇರಿ. ಸಂಜೆ ಟೂರಿಸ್ಟ್ ಬಸ್ಸುಗಳು ಹೋದ ಮೇಲೆ ಊರು ಊರಿನವರದ್ದಾಗುತ್ತದೆ. ಪ್ರವೇಶ ಟಿಕೆಟ್ ಇದೆ. ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ದರ ಕಡಿಮೆ, ಹಾಗಾಗಿ ಗುರುತಿನ ಚೀಟಿ ಕೈಯಲ್ಲೇ ಇರಲಿ. ಒಂದು ದಿನಕ್ಕಿಂತ ಹೆಚ್ಚು ಇರೋದಾದರೆ ಕೌಂಟರ್‌ನಲ್ಲಿ ಹೇಳಿ ದಿನಾಂಕ ಬರೆಸಿಕೊಳ್ಳಿ, ಮತ್ತೆ ದುಡ್ಡು ಕೊಡಬೇಕಾಗಿಲ್ಲ.

ಟೌಮಧಿ ಚೌಕದ ನ್ಯಾತಪೋಲ ದೇವಸ್ಥಾನ ಐದು ಮಾಡಿನದು, ಅಂದರೆ ಒಂದರ ಮೇಲೊಂದು ಐದು ಚಾವಣಿಯದು. ಅರಸ ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ್ದು. ಮೆಟ್ಟಿಲ ಎರಡೂ ಬದಿ ಕೆಳಗಿನಿಂದ ಮೇಲಕ್ಕೆ ಜಟ್ಟಿಗಳು, ಆನೆಗಳು, ಸಿಂಹಗಳು, ಹದ್ದಿನ ಮೂತಿಯ ಸಿಂಹಗಳು, ಕೊನೆಗೆ ಬಾಘಿನಿ, ಸಿಂಘಿನಿ ಎಂಬ ದೇವಿಯರು. ಒಬ್ಬೊಬ್ಬರೂ ಕೆಳಗಿನವರಿಗಿಂತ ಹತ್ತು ಪಟ್ಟು ಬಲಶಾಲಿಗಳಂತೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಪಕ್ಕದ ದರ್ಬಾರ್ ಚೌಕದ ವತ್ಸಲಾ ದೇವಸ್ಥಾನ ಪೂರ್ತಿ ಕುಸಿಯಿತು. ನ್ಯಾತಪೋಲ ನಿಂತಿತು. ವತ್ಸಲಾ ಈಗ ಮತ್ತೆ ಎದ್ದು ನಿಂತಿದೆ.

ಅರಮನೆಯ ಚಿನ್ನದ ಬಾಗಿಲಿನ ಹಿಂದೆ ತಲೇಜು ದೇವಿ ಇದ್ದಾಳೆ. ಕನ್ನಡಿಗರಾದ ನಾವು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1097ರಲ್ಲಿ ನಾನ್ಯದೇವ ಎಂಬವನು ಇಂದಿನ ನೇಪಾಳದ ತರಾಯಿಯ, ಅಂದರೆ ದಕ್ಷಿಣದ ಬಯಲು ಸೀಮೆಯ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ. ಆ ಮನೆತನದ ಹೆಸರೇ ಕರ್ಣಾಟ ವಂಶ. 1324–25ರ ಸುಮಾರಿಗೆ ಘಿಯಾಸುದ್ದೀನ್ ತುಘಲಕ್ ದಾಳಿ ಮಾಡಿದಾಗ ಅದರ ಕೊನೆಯ ಅರಸ ಹರಿಸಿಂಹದೇವ ಬೆಟ್ಟದ ಕಡೆ ಓಡಿದ, ದಾರಿಯಲ್ಲೇ ತೀರಿಕೊಂಡ. ಅವನ ರಾಣಿ ದೇವಲದೇವಿಗೆ ಆಸರೆ ಸಿಕ್ಕಿದ್ದು ಭಕ್ತಪುರದಲ್ಲಿ. ತಲೇಜು ಅವರ ಜೊತೆಗೇ ಬಂದವಳು ಎನ್ನುವುದು ಅಲ್ಲಿನ ನಂಬಿಕೆ. ಪಶುಪತಿನಾಥದ ಭಟ್ಟರು ನಮ್ಮ ಕಡೆಯವರು ಅಂತ ಎಲ್ಲ ಟೂರಿನವರೂ ಹೇಳುತ್ತಾರೆ, ಅದು ನಿಜವೂ ಹೌದು. ಈ ಕಥೆ ಮಾತ್ರ ಯಾರೂ ಹೇಳಲ್ಲ.

ಅಕ್ಟೋಬರ್ ಕೊನೆ ಅಂದರೆ ಕೊಯ್ಲಿನ ಸಮಯ. ಕುಂಬಾರರ ಚೌಕದಲ್ಲಿ ಒಂದು ಕಡೆ ಹಸಿ ಮಡಕೆಗಳ ಸಾಲು, ಇನ್ನೊಂದು ಕಡೆ ಚಾಪೆಯ ಮೇಲೆ ಭತ್ತ. ಒಬ್ಬ ಅಜ್ಜಿ ಸೀರೆ ಸ್ವಲ್ಪ ಎತ್ತಿ ಕಟ್ಟಿ, ಬರಿಗಾಲನ್ನು ಭತ್ತದೊಳಗೆ ಜಾರಿಸುತ್ತಾ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಕಾಲು ಹೋದ ಕಡೆ ಎರಡು ಗೆರೆ ಮೂಡುತ್ತಿತ್ತು, ಅಡಿಯ ಭತ್ತ ಮೇಲೆ ಬರುತ್ತಿತ್ತು. ಬಗ್ಗುವ ಗೋಜೇ ಇಲ್ಲ. ಇಲ್ಲಿನ ರೈತರು ಹೊಲದಲ್ಲಿ ಮನೆ ಕಟ್ಟಿಕೊಂಡವರಲ್ಲ, ಊರೊಳಗಿನ ಇಟ್ಟಿಗೆ ಮನೆಗಳಲ್ಲೇ ಇರುತ್ತಾರೆ. ಬೆಳಗ್ಗೆ ಹೊಲಕ್ಕೆ ನಡೆದು ಹೋಗುತ್ತಾರೆ, ಸಂಜೆ ಹೊತ್ತುಕೊಂಡು ಬರುತ್ತಾರೆ. ಹಾಗಾಗಿ ಊರು ಬಿಡುವಾಗ ಆರೂವರೆಗೇ ಹೊರಡಿ, ಅವರ ಜೊತೆಗೇ ನಡೆಯಬಹುದು. ಹೊರಡುವ ಹಿಂದಿನ ಸಂಜೆ ಜುಜು ಧೌ ತಿನ್ನೋದು ಮರೀಬೇಡಿ. ಎಮ್ಮೆ ಹಾಲಿನ ಗಟ್ಟಿ ಸಿಹಿ ಮೊಸರು, ಮಣ್ಣಿನ ಕುಡಿಕೆಯಲ್ಲೇ ಹೆಪ್ಪು ಹಾಕಿರುತ್ತಾರೆ.

ಭಕ್ತಪುರದಿಂದ ಚಾಂಗು ನಾರಾಯಣಕ್ಕೆ ಎರಡು ಗಂಟೆಯ ನಡಿಗೆ, ಕೊನೆಯಲ್ಲಿ ಸ್ವಲ್ಪ ಏರು. ಗುಡ್ಡದ ತುದಿಯ ಈ ವಿಷ್ಣು ದೇವಸ್ಥಾನದಲ್ಲಿ ಅರಸ ಮಾನದೇವ 464ರಲ್ಲಿ ಹಾಕಿಸಿದ ಕಂಬದ ಶಾಸನ ಇದೆ. ಹೆಚ್ಚು ಕಡಿಮೆ ನಮ್ಮ ಹಲ್ಮಿಡಿ ಶಾಸನದ ಕಾಲದ್ದು. ಗಂಡ ಸತ್ತಾಗ ತಾನೂ ಜೊತೆಗೆ ಹೋಗುತ್ತೇನೆ ಎಂದ ತಾಯಿ ರಾಜ್ಯವತಿಯನ್ನು ಮಗ ಹೇಗೆ ತಡೆದ ಎಂದು ಅದರಲ್ಲಿ ಬರೆದಿದೆ. ಗೆದ್ದ ಯುದ್ಧಗಳ ಜೊತೆಗೆ ತಾಯಿಯನ್ನು ಉಳಿಸಿಕೊಂಡದ್ದನ್ನೂ ಕಲ್ಲಿನಲ್ಲಿ ಕೆತ್ತಿಸಿದ ರಾಜ! ಅಂಗಳದಲ್ಲಿ ಮಂಡಿಯೂರಿದ ಗರುಡ, ಮೂರು ಲೋಕ ಅಳೆಯುವ ತ್ರಿವಿಕ್ರಮ, ವಿಶ್ವರೂಪದ ಕಲ್ಲು ಎಲ್ಲ ಕೈಗೆಟಕುವ ದೂರದಲ್ಲಿ ಬಿಸಿಲಲ್ಲೇ ನಿಂತಿವೆ. ಒಂದು ಗಂಟೆ ಸಾಲುವುದಿಲ್ಲ.

ಚಾಂಗುವಿನಿಂದ ನಗರಕೋಟ್‌ಗೆ ನಾಲ್ಕೈದು ಗಂಟೆ, ಏರೇ ಜಾಸ್ತಿ. ನಿಜ ಹೇಳಬೇಕೆಂದರೆ ಇಡೀ ದಾರಿಯಲ್ಲಿ ಸಪ್ಪೆಯಾದ ಭಾಗ ಇದೇ. ಹಳೆಯ ಕಾಲುದಾರಿಯನ್ನು ಜೆಸಿಬಿ ತಿಂದುಹಾಕಿದೆ, ಧೂಳು. ತೇಲ್‌ಕೋಟ್‌ವರೆಗೆ ನಡೆದು ಅಲ್ಲಿಂದ ಬಸ್ಸು ಹಿಡಿದರೂ ನಷ್ಟ ಇಲ್ಲ. ಮಂಡಿ ನೋವಿನವರು ಹಾಗೇ ಮಾಡಿ.

ನಗರಕೋಟ್ ಸುಮಾರು 2,175 ಮೀಟರ್ ಎತ್ತರದಲ್ಲಿದೆ. ಸೂರ್ಯೋದಯಕ್ಕೆ ಪ್ರಸಿದ್ಧಿ, ಅದಕ್ಕೇ ಹೋಟೆಲ್ಲಿನ ಮೇಲೆ ಹೋಟೆಲ್ಲು. ಶುಕ್ರವಾರ ರಾತ್ರಿ ಅಲ್ಲಿರಬೇಡಿ. ಶನಿವಾರ ಅವರಿಗೆ ರಜೆ, ಕಠ್ಮಂಡುವೇ ಅಲ್ಲಿಗೆ ಬಂದು ಹಾಡು ಹಾಕಿ ಕುಣಿಯುತ್ತದೆ. ಎವರೆಸ್ಟ್ ಕಾಣುತ್ತದೆ ಎಂದು ಹೋಟೆಲ್ಲಿನವರು ಹೇಳುತ್ತಾರೆ. ಆಕಾಶ ಪೂರ್ತಿ ತಿಳಿಯಾಗಿದ್ದರೆ ಚುಕ್ಕಿಯಷ್ಟು ಕಾಣಬಹುದು, ಅಷ್ಟೇ. ಎದುರಿಗೇ ದೊಡ್ಡದಾಗಿ ನಿಲ್ಲುವುದು ಲಾಂಗ್‌ಟಾಂಗ್, ದೋರ್ಜೆ ಲಾಕ್ಪಾ. ಅದನ್ನು ನೋಡಿ, ಸುಮ್ನೆ ಚುಕ್ಕಿ ಹುಡುಕುತ್ತಾ ಕೂರಬೇಡಿ. ವ್ಯೂ ಟವರ್‌ಗೆ ಕತ್ತಲಲ್ಲಿ ಟ್ಯಾಕ್ಸಿ ಮಾಡುವ ಅಗತ್ಯವೂ ಇಲ್ಲ. ಧುಲಿಖೇಲ್‌ನ ದಾರಿ ಆ ಕಡೆಯಿಂದಲೇ ಹೋಗುತ್ತದೆ.

ಮರುದಿನದ್ದೇ ಉದ್ದದ ನಡಿಗೆ. ಧುಲಿಖೇಲ್‌ಗೆ ಆರೇಳು ಗಂಟೆ, ಊಟ, ಚಹಾ ಸೇರಿಸಿದರೆ ಇಡೀ ದಿನ. ಏಳಕ್ಕೆ ಹೊರಟುಬಿಡಿ. ಪೈನ್ ಕಾಡು, ಆಮೇಲೆ ಮೆಟ್ಟಿಲು ಮೆಟ್ಟಿಲಾದ ಗದ್ದೆ, ತಮಾಂಗ್ ಎಂಬ ಬೆಟ್ಟದ ಜನರ ಹಳ್ಳಿಗಳು. ಆಫ್‌ಲೈನ್ ನಕ್ಷೆ ಫೋನಿನಲ್ಲಿ ಇಳಿಸಿಕೊಂಡಿರಿ, ಪವರ್ ಬ್ಯಾಂಕ್ ಇರಲಿ. ಆದರೂ ಕವಲು ಬಂದಲ್ಲೆಲ್ಲ ಜನರನ್ನು ಕೇಳುವುದೇ ಮೇಲು. ಹೊಸ ರಸ್ತೆಗಳು ನಕ್ಷೆಗಿಂತ ಬೇಗ ಹುಟ್ಟುತ್ತವೆ. ಕೈ ತೋರಿಸಿ 'ಇದೇನಾ ದಾರಿ?' ಅಂತ ಮಾತ್ರ ಕೇಳಬೇಡಿ, ಮರ್ಯಾದೆಗೆ ಹೌದು ಅಂದುಬಿಡುತ್ತಾರೆ. 'ಧುಲಿಖೇಲ್ ಜಾನೇ ಬಾಟೋ ಕುನ್ ಹೋ?' (ಧುಲಿಖೇಲ್‌ಗೆ ಹೋಗೋ ದಾರಿ ಯಾವುದು?) ಅಂತ ಕೇಳಿ, ಅವರೇ ಕೈ ತೋರಿಸಲಿ. ಮಾತಾಡಿಸುವಾಗ ದಾಯಿ (ಅಣ್ಣ), ದಿದಿ (ಅಕ್ಕ) ಅಂದರೆ ಸಾಕು, ಮುಂದಿನದೆಲ್ಲ ಹಿಂದಿಯಲ್ಲಿ ನಡೆಯುತ್ತದೆ.

ಈ ದಾರಿಯಲ್ಲಿ ಮಧ್ಯಾಹ್ನಕ್ಕೆ ಸಿಗುವುದು ಬಹುತೇಕ ವಾಯ್ ವಾಯ್ ನೂಡಲ್ಸ್. ಆದರೆ ಗದ್ದೆಯಲ್ಲಿ ನೋಡಿ, ತೆನೆ ಮಡಚಿಕೊಂಡು ನಿಂತಿರುವುದು ನಮ್ಮ ರಾಗಿ. ಅವರು ಕೋದೋ ಅನ್ನುತ್ತಾರೆ. ಅದರ ಹಿಟ್ಟಿನಿಂದ ಮಾಡುವ ಧಿಡೋ ಥೇಟ್ ನಮ್ಮ ಮುದ್ದೆಯ ಹಾಗೇ, ಸ್ವಲ್ಪ ಮೆತ್ತಗೆ. ರಾತ್ರಿಯ ಊಟಕ್ಕೆ ಬೇಕು ಎಂದು ಮೊದಲೇ ಹೇಳಿಟ್ಟರೆ ಗುಂದ್ರುಕ್, ಅಂದರೆ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರಿನ ಜೊತೆ ಬಡಿಸುತ್ತಾರೆ. ಮಂಡ್ಯದ ಕಡೆಯವರಿಗೆ ಊರು ಬಿಟ್ಟು ಬಂದ ಹಾಗೇ ಅನ್ನಿಸಲ್ಲ.

ಧುಲಿಖೇಲ್ ಹೆದ್ದಾರಿಯ ಊರು. ಎಟಿಎಂ, ಔಷಧಿ ಅಂಗಡಿ, ಒಳ್ಳೆಯ ಹೆಸರಿರುವ ದೊಡ್ಡ ಆಸ್ಪತ್ರೆ ಎಲ್ಲ ಇವೆ. ಕಾಲು ಉಳುಕಿದ್ದರೆ ಇಲ್ಲೇ ತೋರಿಸಿಕೊಳ್ಳಿ, ದುಡ್ಡು ಬೇಕಿದ್ದರೆ ಇಲ್ಲೇ ತೆಗೆದುಕೊಳ್ಳಿ.

ಅಲ್ಲಿಂದ ಕಾಳಿ ಗುಡ್ಡದ ಮೆಟ್ಟಿಲು ಹತ್ತಿ ಕಾವ್ರೆ ಮೂಲಕ ನಮೋಬುದ್ಧಕ್ಕೆ ಮೂರ್ನಾಲ್ಕು ಗಂಟೆ. ಹಿಂದಿನ ಜನ್ಮದಲ್ಲಿ ಮಹಾಸತ್ತ್ವ ಎಂಬ ರಾಜಕುಮಾರನಾಗಿದ್ದ ಬುದ್ಧ, ಹಸಿದ ಹೆಣ್ಣು ಹುಲಿ ಮತ್ತು ಅದರ ಮರಿಗಳಿಗೆ ತನ್ನ ದೇಹವನ್ನೇ ಕೊಟ್ಟ ಜಾಗ ಇದು ಎಂದು ನಂಬಿಕೆ. ನಮ್ಮ ಪುಣ್ಯಕೋಟಿ ಕೇಳಿ ಬೆಳೆದವರಿಗೆ ಇದರ ಕೊನೆ ಬೇರೆ ಥರ ಕಾಡುತ್ತದೆ, ಇಲ್ಲಿ ಹುಲಿ ತಿಂದೇಬಿಡುತ್ತದೆ. ಟಿಬೆಟನ್ ಮಠದ ಅತಿಥಿ ಗೃಹದಲ್ಲಿ ಉಳಿಯಬಹುದು. ಊಟ ಸಸ್ಯಾಹಾರ, ರೂಮು ಸಾದಾ, ರಾತ್ರಿ ಚಳಿ. ಸ್ವೆಟರ್ ಸಾಲದು, ಬೆಚ್ಚಗಿನ ಜಾಕೆಟ್ ಬೇಕು.

ಕೊನೆಯ ದಿನ ಪನೌತಿಗೆ ಇಳಿಜಾರು, ಎರಡೂವರೆ ಮೂರು ಗಂಟೆ. ಮಂಡಿಗೆ ಏರಿಗಿಂತ ಇಳಿಜಾರೇ ಕಷ್ಟ, ಊರುಗೋಲು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎರಡು ಹೊಳೆ ಸೇರುವ ಜಾಗದಲ್ಲಿ ಪನೌತಿಯ ಹಳೇ ಪೇಟೆ ಇದೆ. ಮೂರನೆಯದೊಂದು ನದಿ ಕಣ್ಣಿಗೆ ಕಾಣದೆ ಬಂದು ಸೇರುತ್ತದಂತೆ. ಇಲ್ಲಿನ ಇಂದ್ರೇಶ್ವರ ಮಹಾದೇವ ದೇವಸ್ಥಾನ 1294ರದ್ದು, ನೇಪಾಳದಲ್ಲಿ ಉಳಿದಿರುವ ಅತಿ ಹಳೆಯ ಮಾಡಿನ ದೇವಸ್ಥಾನಗಳಲ್ಲಿ ಒಂದು. ಅಹಲ್ಯೆಯ ವಿಷಯದಲ್ಲಿ ಗೌತಮರಿಂದ ಶಾಪ ತಿಂದ ಇಂದ್ರ ಇಲ್ಲಿ ತಪಸ್ಸು ಮಾಡಿ ಪಾಪ ಕಳೆದುಕೊಂಡನಂತೆ. ಮಾಡನ್ನು ಹೊತ್ತ ಓರೆ ಮರದ ಕೆತ್ತನೆಗಳನ್ನು ಕತ್ತೆತ್ತಿ ನೋಡುತ್ತಾ ಒಂದು ಸುತ್ತು ಬನ್ನಿ. ಭಕ್ತಪುರದ ದೊಡ್ಡ ಚೌಕಗಳಲ್ಲಿ ಕಣ್ಣು ಎಲ್ಲೆಲ್ಲೋ ಹೋಗುತ್ತದೆ. ಇಲ್ಲಿ ಮುಖ್ಯವಾಗಿ ಒಂದೇ ದೇವಸ್ಥಾನ, ಜಗುಲಿಯಲ್ಲಿ ಇಸ್ಪೀಟು ಆಡುವ ನಾಲ್ಕು ಮುದುಕರು, ಟೂರಿಸ್ಟ್ ಗುಂಪುಗಳ ಗಲಾಟೆ ಇಲ್ಲ. ನನ್ನನ್ನು ಕೇಳಿದರೆ ನಗರಕೋಟ್‌ನಲ್ಲಿ ಒಂದು ರಾತ್ರಿ ಕಡಿಮೆ ಮಾಡಿಯಾದರೂ ಇಲ್ಲಿ ಉಳಿಯಿರಿ.

ಹೆಂಗಸರೇ ಸೇರಿ ನಡೆಸುವ ಹೋಮ್‌ಸ್ಟೇಗಳು ಇಲ್ಲಿವೆ. ನಮ್ಮ ಮನೆಯ ದಿದಿ ಬೆಳಗ್ಗೆ ಬಾರಾ ಹಾಕಿಕೊಟ್ಟರು. ಉದ್ದಿನ ಹಿಟ್ಟನ್ನು ಕೈಯಿಂದಲೇ ಕಾವಲಿಗೆ ಹಾಕಿ, ಬೆರಳಲ್ಲಿ ದುಂಡಗೆ ತಟ್ಟಿ, ಸುತ್ತ ಸಾಸಿವೆ ಎಣ್ಣೆ ಬಿಟ್ಟು ಮುಚ್ಚಿದರು. ಮುಚ್ಚಳ ತೆಗೆಯುವ ಮುಂಚೆ 'ಅಂಡಾ ಹಾಕಲಾ?' ಎಂದು ಕೇಳಿದರು. ಇದು ಸಸ್ಯಾಹಾರಿಗಳು ಎಲ್ಲ ಕಡೆ ನೆನಪಿಡಬೇಕಾದ ವಿಷಯ: ಬಾರಾದ ಮೇಲೆ ಮೊಟ್ಟೆಯೋ ಖೀಮಾವೋ ಬರಬಹುದು, ಸಮಯ್ ಬಜಿ ಎಂಬ ಅವಲಕ್ಕಿಯ ತಟ್ಟೆಯಲ್ಲಿ ಕೋಣದ ಮಾಂಸ ಸಾಮಾನ್ಯ, ಮೊಮೊ ಕೂಡ ಹಾಗೇ. 'ಶಾಕಾಹಾರಿ' ಎಂದು ಮೊದಲೇ ಹೇಳಿಬಿಡಿ. ದಾಲ್ ಭಾತ್ ಮಾತ್ರ ಎಲ್ಲ ಕಡೆ ನಂಬಬಹುದು, ಸಾಕು ಅನ್ನೋವರೆಗೂ ಬಡಿಸುತ್ತಾರೆ.

ಸಾಮಾನಿನ ವಿಷಯ ಒಂದಿದೆ. ದೊಡ್ಡ ಬ್ಯಾಗನ್ನು ಭಕ್ತಪುರದ ಹೋಟೆಲ್ಲಿನಲ್ಲೇ ಬಿಟ್ಟು ಸಣ್ಣ ಚೀಲದಲ್ಲಿ ನಡೆಯಿರಿ. ಪನೌತಿಯಿಂದ ಕಠ್ಮಂಡುವಿಗೆ ಹೋಗುವ ಬಸ್ಸು ಬನೇಪಾ ಮೂಲಕ ಭಕ್ತಪುರದ ಅಂಚಿನ ಸೂರ್ಯವಿನಾಯಕದಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದು ಬ್ಯಾಗ್ ತೆಗೆದುಕೊಂಡು ಹೋಗಬಹುದು. ಹೆದ್ದಾರಿಯಲ್ಲಿ ಟ್ರಾಫಿಕ್ ಜಾಮ್ ಸಾಮಾನ್ಯ. ಅದೇ ದಿನ ವಿಮಾನ ಇಟ್ಟುಕೊಳ್ಳಬೇಡಿ. ಗಡಿಯಾರವನ್ನೂ ಬದಲಾಯಿಸಿಕೊಂಡಿರಿ, ಅವರ ಸಮಯ ನಮಗಿಂತ ಹದಿನೈದು ನಿಮಿಷ ಮುಂದೆ.