ಗಾಂಧಾರ ನಿಂತಲ್ಲೇ ಇತ್ತು

ಆಷಾಢದ ಭಾನುವಾರ. ಬೆಳಗಿನಿಂದ ಸುರಿದ ಮಳೆಗೆ ಕರೆಂಟು ಹೋಗಿ, ಒಂದೇ ಆಧಾರಸ್ವರವನ್ನು ಬಿಡದೆ ಮೊರೆಯುವ ನನ್ನ ಶ್ರುತಿಪೆಟ್ಟಿಗೆ ನಿಂತಿತ್ತು. ಸಿರಸಿಯಲ್ಲಿ ಕಲಿಯಲು ಕುಳಿತ ದಿನದಿಂದ ಆಧಾರಶ್ರುತಿಯಿಲ್ಲದೆ ಹಾರ್ಮೋನಿಯಂ ಮುಟ್ಟಿದವಳಲ್ಲ ನಾನು. ಕಾರವಾರದ ಕೋಡಿಬಾಗಕ್ಕೆ ಮದುವೆಯಾಗಿ ಬಂದ ಮೇಲೂ ಅದೇ ರೂಢಿ. ಪಕ್ಕದ ಮನೆಯ ಹುಡುಗ, ಚರ್ಚಿನಲ್ಲಿ ಗಿಟಾರ್ ನುಡಿಸುವವನು, ವಾದ್ಯದೊಡನೆ ಜಗಲಿಗೆ ಬಂದ. "ಅಕ್ಕಾ, ನಾನು ನಾಲ್ಕು ಕಾರ್ಡ್ ಸುತ್ತುತ್ತಿರುತ್ತೇನೆ. ನೀವು ತೋಚಿದ್ದು ನುಡಿಸಿ."

ಹಾರ್ಮೋನಿಯಂನ ಶ್ರುತಿಯನ್ನು ಕುಳಿತಲ್ಲೇ ಬದಲಿಸಲಾಗದು. ಅವನೇ ಬಿರಡೆ ತಿರುಗಿಸಿ ತಂತಿಗಳನ್ನು ನನ್ನ ಹಾರ್ಮೋನಿಯಂಗೆ ಹೊಂದಿಸಿದ. ಅವನ ಕಾರ್ಡ್‌ಗಳು, ಎಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು: ಸಿ, ಜಿ, ಎ ಮೈನರ್, ಎಫ್. ಒಂದೊಂದನ್ನೂ ಬಿಡಿಸಿ ಮೀಟಿದಾಗ, ಬಿಳಿ ಒಂದನ್ನು, ಎಂದರೆ ಅವನ ಸಿ ಸ್ವರವನ್ನೇ, ಷಡ್ಜವಾಗಿಸಿಕೊಂಡ ನನಗೆ ಕೇಳಿಸಿದ್ದು ಸ-ಗ-ಪ, ಪ-ನಿ-ರಿ, ಧ-ಸ-ಗ, ಮ-ಧ-ಸ. ಎಲ್ಲವೂ ಬಿಲಾವಲ್ ರಾಗದ ಶುದ್ಧ ಸ್ವರಗಳೇ! ಧೈರ್ಯವಾಗಿ ಭೂಪ್ ಎತ್ತಿಕೊಂಡೆ. ಮಧ್ಯಮ, ನಿಷಾದಗಳಿಲ್ಲದ ರಾಗ. ಎಲ್ಲಿಯೂ ಘರ್ಷಣೆಯಾಗದು ಎಂಬ ಲೆಕ್ಕಾಚಾರ.

ಪ್ರತಿ ಸಂಚಾರವನ್ನೂ ಷಡ್ಜಕ್ಕೆ ತಂದು ನಿಲ್ಲಿಸುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಸಿ ಇದ್ದಾಗ ಅದು ಮನೆ ಸೇರಿದಂತಿತ್ತು. ಜಿ ಬಂದಾಗ ಅದೇ ಷಡ್ಜ ಅವನ ತಂತಿಯ ನಿಷಾದಕ್ಕೆ ತಾಗಿ ಒರಟಾಗಿ ಕೇಳಿತು. ಷಡ್ಜವೂ ಹೊಂದದೆ ಹೋಗಬಹುದೆಂದು ಒಪ್ಪಲು ನನಗೆ ಹೊತ್ತು ಹಿಡಿಯಿತು.

"ಅಲ್ಲಿ ಒಂದು ಮನೆ ಕೆಳಗಿಳಿದು ನೋಡಿ, ಅಕ್ಕಾ."

ಕೆಳಗಿನ ಮನೆ, ಎಂದರೆ ಪಕ್ಕದ ಕೀಲಿ, ನಿಷಾದ. ಒತ್ತಿದರೆ ಭೂಪ್ ಕೆಡುತ್ತದೆ. ಗುರುಗಳ ಮುಂದಾಗಿದ್ದರೆ ಬೆರಳು ಏಳುತ್ತಲೇ ಇರಲಿಲ್ಲ. ಒತ್ತಿದೆ. ಬಿಗಿದುಕೊಂಡಿದ್ದ ಸಂಚಾರ ಸಡಿಲವಾಗಿ ಮುಂದಕ್ಕೆ ಹರಿಯಿತು.

ಆಮೇಲೆ ಓಡಾಟ ಬಿಟ್ಟು ಗಾಂಧಾರವೊಂದನ್ನೇ ಹಿಡಿದು ಗಾಳಿ ಹಾಕುತ್ತ ಕುಳಿತೆ. ಸಿಯಲ್ಲಿ ಅದು ನೆಮ್ಮದಿಯ ಸ್ವರ. ಜಿಯಲ್ಲಿ ಹೊರಗಿನದಾಗಿ ತೂಗಾಡಿತು. ಎ ಮೈನರ್ ಬಂದೊಡನೆ ಅದರಲ್ಲೇ ಒಂದು ಅಳಲು ತುಂಬಿಕೊಂಡಿತು. ನನ್ನ ಬೆರಳು ಕದಲಿರಲಿಲ್ಲ! ಇಷ್ಟು ವರ್ಷ ನೆಲ ಸ್ಥಿರ, ನಡೆಯುವವಳು ನಾನು. ಈಗ ನಾನು ನಿಂತಿದ್ದೆ. ಅಲೆ ಹಿಂದಕ್ಕೆ ಸರಿಯುವಾಗ ಪಾದದಡಿಯ ಮರಳು ಜಾರುತ್ತದಲ್ಲ, ಹಾಗೆ ಕೆಳಗಿನ ನೆಲ ಸರಿಯುತ್ತಿತ್ತು. ಎಫ್‌ನಲ್ಲಿ ಗಾಂಧಾರ ಸಿಹಿಯಾಗಿಯೂ ಚಡಪಡಿಸುವಂತೆಯೂ ಕೇಳಿತು. ತಡೆಯಲಾಗದೆ, ಅಷ್ಟು ಹೊತ್ತು ದೂರವಿಟ್ಟಿದ್ದ ಮಧ್ಯಮಕ್ಕೆ ಏರಿದೆ.

ಹುಡುಗ ತಲೆದೂಗಿ ಮತ್ತೆ ಸಿ ಹಿಡಿದ. ಕರೆಂಟು ಬಂದು ಶ್ರುತಿಪೆಟ್ಟಿಗೆ ತಾನಾಗಿ ಮೊರೆಯತೊಡಗಿತು. ಎದ್ದು ಅದನ್ನು ಆರಿಸಿ ಬಂದು, ಈ ಸಲ ಧೈವತದಿಂದ ಶುರುಮಾಡಿದೆ.