ಒಂದು ಕುರ್ಚಿಯ ಲೆಕ್ಕ

ಇವತ್ತು ಬಿಲ್ಲಿಂಗ್ ಕೌಂಟರಿನಲ್ಲಿದ್ದ ಹುಡುಗಿ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಾ ನಿಂತಿದ್ದಳು. ಕೂರಲು ಕುರ್ಚಿಯೇ ಇರಲಿಲ್ಲ. ತುಂಬಾ ಬೇಜಾರಾಯಿತು.

1914ರಲ್ಲಿ ಹೆನ್ರಿ ಫೋರ್ಡ್ ತಮ್ಮ ಕಾರು ಕಾರ್ಖಾನೆಯಲ್ಲಿ ದಿನಗೂಲಿಯನ್ನು ಸುಮಾರು ಎರಡರಷ್ಟು ಮಾಡಿ 5 ಡಾಲರಿಗೆ ಏರಿಸಿದರು. ಕೆಲಸದ ಹೊತ್ತನ್ನು 9 ಗಂಟೆಯಿಂದ 8ಕ್ಕೆ ಇಳಿಸಿದರು. ಸುಮ್ನೆ ಕೊಟ್ಟಿದ್ದಲ್ಲ. ಜನ ಒಂದೇ ಸಮನೆ ಕೆಲಸ ಬಿಡುತ್ತಿದ್ದರು, ಹೊಸಬರಿಗೆ ಕಲಿಸುವ ಖರ್ಚು ಜಾಸ್ತಿಯಾಗಿತ್ತು. ಆ ನಷ್ಟ ಲೆಕ್ಕದಲ್ಲಿ ಕಂಡಿತ್ತು.

ಕಾಲುನೋವು ಯಾವ ಲೆಕ್ಕದ ಪುಸ್ತಕದಲ್ಲೂ ಕಾಣಲ್ಲ, ಅಲ್ವಾ? ಇವಳು ಬಿಟ್ಟರೆ ನಾಳೆಯೇ ಇನ್ನೊಬ್ಬಳು ಸಿಗುತ್ತಾಳೆ, ಕಲಿಸಲು ಒಂದು ದಿನ ಸಾಕು. ಕುರ್ಚಿ ಬರದಿರುವುದು ಅದಕ್ಕೇ ಅಂತ ನನಗನ್ನಿಸುತ್ತದೆ.

ಒಂದು ಕುರ್ಚಿ ಹಾಕಿಸಿ ಅಂತ ಮ್ಯಾನೇಜರಿಗೆ ಹೇಳಿ ಬಂದೆ. ಮುಂದಿನ ವಾರ ಮತ್ತೆ ಹೋಗಿ ನೋಡುತ್ತೇನೆ.